ಬಣ್ಣ ಹಚ್ಚುವವರ ಹಕ್ಕೊತ್ತಾಯ ಪತ್ರ

ಇವರಿಂದ: ತೊಂಡೇಬಾವಿ ಮತ್ತು ಸುತ್ತಲ ಹಳ್ಳಿಗಳಲ್ಲಿ ನಾಟಕ ಆಡುವ ಹುಡುಗರು, ಹುಡುಗಿಯರು, ಈ ಎರಡರಲ್ಲೂ ತಮ್ಮನ್ನು ಸೇರಿಸಿಕೊಳ್ಳದವರು.

ಇವರಿಗೆ: ಗ್ರಾಮ ಪಂಚಾಯಿತಿ, ಶಾಲೆಗಳ ಎಸ್‌ಡಿಎಂಸಿ, ಗೌರಿಬಿದನೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಪೊಲೀಸ್ ಇಲಾಖೆ, ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ನಮ್ಮ ನಮ್ಮ ಮನೆಯವರು. ಜೊತೆಗೆ, ನಮ್ಮದೇ ರಂಗಭೂಮಿಯ ಹಿರಿಯರು.

ವಿಷಯ: ನಾಟಕದವರೆಂದರೆ 'ಅಂಥವರು', ನಾಟಕದವರೆಂದರೆ 'ಕೆಂಪು ಬಾವುಟದವರು' ಎಂಬ ಮಾತು ಮತ್ತು ಅದರಿಂದ ಆಗುತ್ತಿರುವ ತೊಂದರೆಗಳ ಬಗ್ಗೆ.



ನಮ್ಮ ಕಡೆ ಹುಡುಗನೊಬ್ಬ ನಾಟಕಕ್ಕೆ ಸೇರಿದ ಅಂದರೆ ಸ್ವಲ್ಪ ದಿನದಲ್ಲೇ ಅವನ ತಾಯಿಯ ಕಿವಿಗೆ ಎರಡು ಮಾತು ಬೀಳುತ್ತವೆ. 'ನಿಮ್ಮ ಹುಡುಗನ ನಡಿಗೇನೇ ಬದಲಾಗೋಯ್ತಲ್ಲಕ್ಕ' ಅನ್ನುವುದು ಒಂದು. 'ಅವರೆಲ್ಲ ಕೆಂಪು ಬಾವುಟದೋರಂತೆ, ಹುಷಾರು' ಅನ್ನುವುದು ಇನ್ನೊಂದು. ಕಿವಿಗೆ ಓಲೆ ಹಾಕಿದರೆ ಮೊದಲನೇ ಅನುಮಾನ, ಖಾದಿ ಜುಬ್ಬಾ ಹಾಕಿದರೆ ಎರಡನೆಯದು, ಎರಡೂ ಹಾಕಿದ್ದರೆ ವಿಚಾರಣೆಯೇ ಬೇಕಿಲ್ಲ. ಅಭ್ಯಾಸಕ್ಕೆ ಬರುತ್ತಿದ್ದ ಹುಡುಗಿಯನ್ನು ಮನೆಯವರು ಬಿಡಿಸುತ್ತಾರೆ. ನಿನ್ನೆಯವರೆಗೆ ತೆರೆದಿದ್ದ ಶಾಲೆಯ ಕೊಠಡಿಗೆ ಬೀಗ ಬೀಳುತ್ತದೆ. ಕಾರಣ ಕೇಳಿದರೆ, 'ಮೇಲಿಂದ ಹೇಳಿದ್ದಾರೆ.' ಮೇಲಿರುವವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.

ನಾವು ಯಾರೆಂದು ಮೊದಲೇ ಹೇಳಿಬಿಡುತ್ತೇವೆ. ರೈಲು ಹತ್ತಿ ಗೌರಿಬಿದನೂರಿಗೋ ದೊಡ್ಡಬಳ್ಳಾಪುರಕ್ಕೋ ಕಾಲೇಜಿಗೆ ಹೋಗುವವರಿದ್ದೇವೆ. ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವವರಿದ್ದೇವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ನಮ್ಮಲ್ಲಿ ಸಲಿಂಗ ಪ್ರೇಮಿಗಳಿದ್ದಾರೆ, ಟ್ರಾನ್ಸ್‌ಜೆಂಡರ್ ಗೆಳೆಯರಿದ್ದಾರೆ, ಇವೆರಡೂ ಅಲ್ಲದವರೇ ಹೆಚ್ಚು. ಎಡಪಂಥದವರಿದ್ದಾರೆ, ಪ್ರತಿ ವರ್ಷ ತಪ್ಪದೆ ಅಯ್ಯಪ್ಪನ ಮಾಲೆ ಹಾಕುವವರಿದ್ದಾರೆ, ಒಂದೇ ಚುನಾವಣೆಯಲ್ಲಿ ಮೂರೂ ಪಕ್ಷದ ಬಾವುಟ ಕಟ್ಟಿ ಕೂಲಿ ಪಡೆದವರೂ ಇದ್ದಾರೆ. ನಮ್ಮ ಒತ್ತಾಯಗಳು ಇವು.

1. ಪಾತ್ರವನ್ನು ಪಾತ್ರವೆಂದೇ ನೋಡಬೇಕು. ವೇಷ ನೋಡಿ ವೇಷ ಹಾಕಿದವನ ಜಾತಕ ಬರೆಯಬಾರದು.

ಇದನ್ನು ನಿಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ನಮ್ಮ ಸೀಮೆಯ ಯಾವುದಾದರೂ ಊರಲ್ಲಿ 'ಕುರುಕ್ಷೇತ್ರ' ಇದ್ದೇ ಇರುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಕಂದ, ವೃತ್ತ ಹೇಳಿಕೊಡುತ್ತಾರೆ. ಪಾತ್ರಕ್ಕೆ ಇಷ್ಟೆಂದು ದುಡ್ಡು ಕಟ್ಟಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಜಾಸ್ತಿ, ಬಾಗಿಲು ಕಾಯುವವನಿಗೆ ಕಡಿಮೆ. ದುಶ್ಶಾಸನನ ಪಾತ್ರ ಹಿಡಿದವರು ರಾತ್ರಿ ದ್ರೌಪದಿಯ ಸೀರೆ ಎಳೆದು, ಬೆಳಿಗ್ಗೆ ಕಿವಿಯ ಹಿಂದಿನ ಬಣ್ಣ ಹೋಗುವ ಮುಂಚೆಯೇ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ಬರುತ್ತಾರೆ. ಸಾಲಿನಲ್ಲಿ ನಿಂತ ಹೆಂಗಸರು ಅವರನ್ನು ಕಂಡು ಸೆರಗು ಬಿಗಿ ಮಾಡಿಕೊಂಡಿದ್ದನ್ನು ನಾವು ನೋಡಿಲ್ಲ. 'ಚೆನ್ನಾಗ್ ಮಾಡ್ದೆ ಕಣಣ್ಣ' ಅನ್ನುತ್ತಾರೆ, ಅಷ್ಟೆ. ಪಾತ್ರ ಬೇರೆ, ಮನುಷ್ಯ ಬೇರೆ ಎಂಬ ವಿವೇಕ ಈ ಊರುಗಳಿಗೆ ಮೊದಲಿಂದಲೂ ಇದೆ.

ಅದೇ ಊರಲ್ಲಿ ಕಾಲೇಜು ಹುಡುಗನೊಬ್ಬ ಒಂದು ದೃಶ್ಯಕ್ಕಾಗಿ ಸೀರೆ ಉಟ್ಟರೆ ಆ ಫೋಟೊ ರಾತ್ರೋರಾತ್ರಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಮರುದಿನ ಬಸ್ ಸ್ಟಾಪಿನಲ್ಲಿ ಅವನ ಹೆಸರು ಹೋಗಿ 'ಒಂಬತ್ತು' ಉಳಿಯುತ್ತದೆ. ಕೊಲೆ ಮಾಡುವ ಪಾತ್ರದಿಂದ ಕೊಲೆಗಾರ ಹುಟ್ಟುವುದಿಲ್ಲ, ಸೀರೆ ಉಡುವ ಪಾತ್ರದಿಂದ ಮಾತ್ರ ಹುಡುಗ ಕೆಡುತ್ತಾನೆ ಅನ್ನುವ ಲೆಕ್ಕ ಯಾರು ಹಾಕಿದ್ದೋ!

ಕಂಪನಿ ನಾಟಕದ ಆರಂಭದ ದಶಕಗಳಲ್ಲಿ ಹೆಣ್ಣಿನ ಪಾತ್ರಗಳನ್ನೆಲ್ಲ ಗಂಡಸರೇ ಮಾಡುತ್ತಿದ್ದರು. ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡುತ್ತಿದ್ದರು. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾತ್ರವೂ ಹೆಂಗಸರದೇ; ಅವರೇ ಕಂಸ, ಅವರೇ ಭೀಮ, ಅವರೇ ರಾವಣ. 2012ರಲ್ಲಿ ಸರ್ಕಾರ ನಾಗರತ್ನಮ್ಮನವರಿಗೆ ಪದ್ಮಶ್ರೀ ಕೊಟ್ಟಿತು. ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ ಅರ್ಜುನನ ಕಥೆ ಬಂದಾಗ ಈವರೆಗೆ ಯಾವ ಊರೂ ಆಟ ನಿಲ್ಲಿಸಿಲ್ಲ. ಗುಬ್ಬಿ ಕಂಪನಿಯಲ್ಲಿ ಅಪ್ಪನ ಜೊತೆ ಬಣ್ಣ ಹಚ್ಚುತ್ತಾ ಬೆಳೆದ ಮುತ್ತುರಾಜ ಮುಂದೆ ಡಾ. ರಾಜ್‌ಕುಮಾರ್ ಆದರು. 'ನಾಟಕದ ಹುಡುಗ' ಎಂದು ಮೂಗು ಮುರಿಯುವವರ ಮನೆಯ ಗೋಡೆಯ ಮೇಲೂ ಅವರ ಫೋಟೊ ಇದೆ.

2. 'ನಮ್ಮ ಹುಡುಗರು ಅಂಥವರಲ್ಲ' ಎಂಬ ಸರ್ಟಿಫಿಕೇಟನ್ನು ನಮ್ಮಿಂದ ಕೇಳಬಾರದು. ನಾವು ಕೊಡುವುದಿಲ್ಲ.

ಮೇಲಿನದನ್ನು ಓದಿ ಕೆಲವರಿಗೆ ಸಮಾಧಾನ ಆಗಿರಬಹುದು: ಸರಿ, ಅದು ಬರೀ ಪಾತ್ರ, ಹುಡುಗ ಸರಿಯಾಗೇ ಇದ್ದಾನೆ ಅಂತ. ಆ ಸಮಾಧಾನವೇ ನಮಗೆ ಬೇಡ. ಸಭೆಗಳಲ್ಲಿ ಹಿರಿಯರು ನಮ್ಮ ಪರವಾಗಿ ಎದ್ದು, 'ಪಾಪ, ಒಳ್ಳೆ ಮನೆ ಮಕ್ಕಳು, ಅಂಥದ್ದೇನೂ ಇಲ್ಲ' ಅನ್ನುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಮಾತು ಹೇಳುವ ಹೊತ್ತಿಗೆ ನಮ್ಮ ಸಾಲಿನಲ್ಲೇ 'ಅಂಥ' ಒಬ್ಬ ಕೂತು ಕೇಳಿಸಿಕೊಳ್ಳುತ್ತಿರುತ್ತಾನೆ. ಅವನನ್ನು ಹೊರಗಿಟ್ಟು ನಮ್ಮ ಮಾನ ಉಳಿಸಿಕೊಳ್ಳುವ ವ್ಯಾಪಾರಕ್ಕೆ ನಾವು ಸಿದ್ಧರಿಲ್ಲ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2014ರ ಏಪ್ರಿಲ್ 15ರಂದು. ವಯಸ್ಕರ ಸಲಿಂಗ ಪ್ರೇಮ ಅಪರಾಧವಲ್ಲ ಎಂದದ್ದು 2018ರ ಸೆಪ್ಟೆಂಬರ್ 6ರಂದು. ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇಕಡ 1ರಷ್ಟು ಮೀಸಲಾತಿ ತಂದ ಮೊದಲ ರಾಜ್ಯ ನಮ್ಮದೇ, 2021ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯುವಾಗ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಅದನ್ನು ಟಿವಿಯಲ್ಲಿ ನೋಡಿ ಕೈ ಮುಗಿದವರನ್ನು ನಾವು ಬಲ್ಲೆವು. ಮಂಜಮ್ಮ ಎಲ್ಲಮ್ಮನ ಕಥೆ ಆಡಿ, ಕುಣಿದು, ಹಾಡಿ ಅಲ್ಲಿಗೆ ಮುಟ್ಟಿದವರು; 2019ರಲ್ಲೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದವರು. ಕೈ ಮುಗಿಯುವುದಕ್ಕೆ ದೂರದವರೇ ಬೇಕೆ, ಪಕ್ಕದ ಬೀದಿಯವರಾದರೆ ಆಗದೆ?

ಇನ್ನೊಂದು ವಿಷಯ. ನಾಟಕವೇ ಹುಡುಗರನ್ನು ಹೀಗೆ ಮಾಡುತ್ತದೆ ಅನ್ನುವವರು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಬೆಳಗಿನ ರೈಲು ಹಿಡಿಯುವವರ ಮಧ್ಯೆ, ಪೊಲೀಸ್ ಭರ್ತಿಗೆಂದು ಓಡುವವರ ಮಧ್ಯೆ, ರೇಷ್ಮೆ ಸಾಕುವ ಮನೆಗಳಲ್ಲಿ, ಕಬಡ್ಡಿ ತಂಡದಲ್ಲಿ ಇರುವ ಇಂಥ ಹುಡುಗ ಹುಡುಗಿಯರನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅವರು ಯಾವತ್ತೂ ವೇದಿಕೆ ಹತ್ತಿದವರಲ್ಲ. ಕೆಲವರಿಗೆ ನಾಟಕ ಕಂಡರೇ ಆಗುವುದಿಲ್ಲ. ನಾಟಕದ ಸುತ್ತ ಇರುವ ಗುಮಾನಿಯಿಂದಾಗಿ ಅವರು ಇನ್ನಷ್ಟು ಮುಚ್ಚಿಕೊಂಡು ಬದುಕುತ್ತಾರೆ. ಹೀಗಾಗಿ ಈ ಬೇಡಿಕೆ ಅವರ ಪರವಾಗಿಯೂ ಹೌದು.

3. ಪ್ರಶ್ನೆ ಕೇಳುವ ನಾಟಕಕ್ಕೆಲ್ಲ ಪಕ್ಷದ ಬಣ್ಣ ಬಳಿಯಬಾರದು. ಯಾರಾದರೂ ಎಡಪಂಥದವರೇ ಆಗಿದ್ದರೆ ಅದನ್ನು ಬೈಗುಳವಾಗಿ ಬಳಸಬಾರದು.

'ಎಡಚರು', 'ಗಂಜಿ ಗಿರಾಕಿಗಳು', 'ನಗರ ನಕ್ಸಲರು'. ನಗರವೇ ಇಲ್ಲದ ನಮಗೆ ಮೂರನೆಯದು ಹೇಗೆ ಹೊಂದುತ್ತದೋ ತಿಳಿಯದು.

ರಂಗಭೂಮಿಗೂ ಎಡಪಂಥಕ್ಕೂ ನಂಟೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಂಟಿದೆ, ಅದು ಹೆಮ್ಮೆಯ ನಂಟು. 1975ರಲ್ಲಿ ಹುಟ್ಟಿದ 'ಸಮುದಾಯ' ತಂಡ ನಾಟಕವನ್ನು ಬೀದಿಗೆ ತಂದಿತು, 1979ರಲ್ಲಿ ಜಾಥಾ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿತು. ಬಿಹಾರದಲ್ಲಿ ದಲಿತರನ್ನು ಸುಟ್ಟ ಘಟನೆಯ ಮೇಲೆ ಅವರು 'ಬೆಲ್ಚಿ' ಆಡಿದರು. ಬಿಹಾರದ ವಿಷಯ ನಮಗೇಕೆ ಅನ್ನಬಹುದಿತ್ತು. 2000ದ ಮಾರ್ಚ್ 11ರಂದು ನಮ್ಮದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು, ಆರೋಪಿಗಳು ಖುಲಾಸೆಯಾದರು. ಇದನ್ನು ನಾಟಕ ಮಾಡಲು ಹೊರಟವರಿಗೆ ಕೆಂಪು ಪುಸ್ತಕ ಓದಿರಲೇಬೇಕೆಂದೇನಿಲ್ಲ, ನಮ್ಮದೇ ಜಿಲ್ಲೆಯ ಸುದ್ದಿ ಗೊತ್ತಿದ್ದರೆ ಸಾಕು.

ಆದರೆ ಎಡಪಂಥ ಈ ಜಿಲ್ಲೆಗೆ ನಾಟಕದವರ ಜೋಳಿಗೆಯಲ್ಲಿ ಬಂದದ್ದಲ್ಲ. ಬಾಗೇಪಲ್ಲಿಯ ಜನ 1994ರಲ್ಲಿ ಒಮ್ಮೆ, 2004ರಲ್ಲಿ ಇನ್ನೊಮ್ಮೆ ಸಿಪಿಐ(ಎಂ)ನ ಜಿ.ವಿ. ಶ್ರೀರಾಮರೆಡ್ಡಿಯವರನ್ನು ವಿಧಾನಸಭೆಗೆ ಕಳಿಸಿದರು. ಹಾಗೆ ಓಟು ಹಾಕಿದ್ದು ಮಳೆ ನಂಬಿ ಕಡಲೆಕಾಯಿ ಬಿತ್ತುವವರು, ಕೂಲಿಯವರು. ಅವರನ್ನು ಯಾರೂ 'ನಾಟಕದವರು' ಅನ್ನಲಿಲ್ಲ. ಪ್ರಶ್ನೆ ಕೇಳುವುದನ್ನೂ ನಾವು ಹೊರಗಿಂದ ತರಿಸಿಕೊಂಡಿಲ್ಲ. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬದುಕಿಡೀ ಹೇಳಿದ್ದು ಅದನ್ನೇ, ಅವರು ಗಾಂಧಿವಾದಿ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡಿಗೆ ಎದೆಯೊಡ್ಡಿದವರು ಕೈಯಲ್ಲಿ ಹಿಡಿದಿದ್ದು ಕಾಂಗ್ರೆಸ್ಸಿನ ಧ್ವಜ. 'ಲಂಚಾವತಾರ' ಆಡಿ ಮಂತ್ರಿಗಳನ್ನು ಎದುರೇ ಕೂರಿಸಿಕೊಂಡು ಜಾಡಿಸಿದ ಮಾಸ್ಟರ್ ಹಿರಣ್ಣಯ್ಯನವರನ್ನು ಕಮ್ಯುನಿಸ್ಟ್ ಎಂದವರನ್ನು ನಾವು ಕಾಣೆವು. ಸಾಣೇಹಳ್ಳಿಯಲ್ಲಿ ಮಠವೇ ರಂಗಶಾಲೆ ನಡೆಸುತ್ತದೆ, ಅದರ 'ಶಿವಸಂಚಾರ' ನಾಡೆಲ್ಲ ತಿರುಗುತ್ತದೆ.

ನಾಟಕದ ಹುಡುಗರೆಲ್ಲ ಪ್ರಗತಿಪರರು ಎಂದು ನಂಬಿದ ನಮ್ಮ ಸ್ನೇಹಿತರಿಗೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಕಿರುಪ್ರಹಸನವೊಂದರಲ್ಲಿ ಅಂಬೇಡ್ಕರರನ್ನೂ ಮೀಸಲಾತಿಯನ್ನೂ ಗೇಲಿ ಮಾಡಿದರು. ಅವರೂ ವೇದಿಕೆ ಹತ್ತಿದವರೇ, ಅವರಿಗೂ ಚಪ್ಪಾಳೆ ಬಿದ್ದಿತ್ತು.

ರಾಜಕೀಯ ಬೇಡ, ಬರೀ ನಾಟಕ ಆಡಿ ಅನ್ನುತ್ತೀರಿ. ದಯವಿಟ್ಟು ನಿಮ್ಮ 'ಕುರುಕ್ಷೇತ್ರ'ದ ಫ್ಲೆಕ್ಸ್ ಒಮ್ಮೆ ನೋಡಿ. ಮೇಲಿನ ಸಾಲಲ್ಲಿ ಶಾಸಕರು, ಮಾಜಿ ಶಾಸಕರು, ಟಿಕೆಟ್ ಆಕಾಂಕ್ಷಿಗಳು. ಕೆಳಗೆ ಅಂಚೆಚೀಟಿ ಅಳತೆಯಲ್ಲಿ ಕಲಾವಿದರು. ಸಂಧಾನದ ಸೀನು ಕಾವೇರಿದ ಹೊತ್ತಿಗೆ ನಾಯಕರ ಕಾರು ಬರುತ್ತದೆ. ಪರದೆ ಇಳಿಯುತ್ತದೆ. ಹಾರ, ಶಾಲು, ಪೇಟ, ಭಾಷಣ. ದುರ್ಯೋಧನ ಗದೆ ಹೆಗಲಿಗಿಟ್ಟು ಸೈಡ್ ವಿಂಗಿನಲ್ಲಿ ಕಾಯುತ್ತಾ ನಿಂತು ಬೀಡಿ ಸೇದುತ್ತಾನೆ. ಅದು ರಾಜಕೀಯ ಅಲ್ಲವಂತೆ. ಕೂಲಿ ಎಷ್ಟು ಸಿಗುತ್ತದೆ ಎಂದು ನಮ್ಮ ನಾಟಕದ ಪಾತ್ರವೊಂದು ಕೇಳಿದರೆ ಅದು ರಾಜಕೀಯ. ಇದೇ ಬೀದಿನಾಟಕವನ್ನು ಶೌಚಾಲಯ ಕಟ್ಟಿಸಿ ಎನ್ನಲು, ಪೋಲಿಯೊ ಹನಿ ಹಾಕಿಸಿ ಎನ್ನಲು ಇಲಾಖೆಗಳೇ ದುಡ್ಡು ಕೊಟ್ಟು ಆಡಿಸುತ್ತವೆ. ಆಗ ತಮಟೆ ಹಿಡಿದ ನಾವು ಕಲಾವಿದರು.

2018ರ ಸೆಪ್ಟೆಂಬರ್ 5, ಗೌರಿ ಲಂಕೇಶ್ ಹತ್ಯೆಯಾಗಿ ಒಂದು ವರ್ಷ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡೇ ಬಂದ ಗಿರೀಶ ಕಾರ್ನಾಡರು 'ನಾನೂ ನಗರ ನಕ್ಸಲ' ಎಂಬ ಫಲಕವನ್ನು ಕೊರಳಿಗೆ ಹಾಕಿಕೊಂಡು ಕೂತರು, ಅದಕ್ಕೂ ಅವರ ಮೇಲೆ ದೂರು ಹೋಯಿತು. ಮರುದಿನವೇ, 6ನೇ ತಾರೀಖು, ಸಲಿಂಗ ಪ್ರೇಮ ಅಪರಾಧವಲ್ಲವೆಂದ 377ನೇ ಕಲಮಿನ ತೀರ್ಪು. ನಮ್ಮಲ್ಲಿ ಹಲವರು ಆಗ ಮಿಡ್ಲ್ ಸ್ಕೂಲಿನಲ್ಲಿದ್ದೆವು. ನಮ್ಮ ಮೇಲೆ ಒಟ್ಟಿಗೆ ಬೀಳುವ ಎರಡೂ ಹಣೆಪಟ್ಟಿಗಳಿಗೆ ಒಂದರ ಹಿಂದೊಂದು ದಿನ ಉತ್ತರ ಸಿಕ್ಕಿತ್ತೆಂದು ತಿಳಿಯಲು ವರ್ಷಗಳೇ ಹಿಡಿದವು.

4. ಮಕ್ಕಳ ನಾಟಕದ ತಂಟೆಗೆ ಪೊಲೀಸರು ಬರಬಾರದು.

ಬೀದರಿನ ಶಾಹೀನ್ ಶಾಲೆಯಲ್ಲಿ 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಕೇಸು ಬಿತ್ತು. ಪ್ರಾಥಮಿಕ ಶಾಲೆಯ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಿಸಿದರು. ಮುಖ್ಯ ಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಜೈಲಿಗೆ ಹೋದರು. 2023ರ ಜೂನ್‌ನಲ್ಲಿ ಹೈಕೋರ್ಟ್ ಆ ಕೇಸನ್ನು ರದ್ದು ಮಾಡಿತು. ರದ್ದಾಯಿತು, ಸರಿ. ಮೂರು ವರ್ಷ ಆ ಮಕ್ಕಳು ಮತ್ತೊಂದು ನಾಟಕದ ಹೆಸರೆತ್ತಿರುತ್ತಾರೆಯೇ?

2022ರ ಜುಲೈನಲ್ಲಿ ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ಜಯಂತ ಕಾಯ್ಕಿಣಿಯವರ 'ಜೊತೆಗಿರುವನು ಚಂದಿರ' ಪ್ರದರ್ಶನವನ್ನು ಕೆಲವರು ನಡುವೆಯೇ ಬಂದು ನಿಲ್ಲಿಸಿದರು. ತಕರಾರು ಬಂದದ್ದು ಅದರಲ್ಲಿ ಮುಸ್ಲಿಂ ಕುಟುಂಬದ ಕಥೆ ಇದೆ ಎಂದು. ನಮ್ಮ ಒತ್ತಾಯ: ಆಕ್ಷೇಪ ಇರುವವರು ಹೆಸರು ಹಾಕಿ ಬರವಣಿಗೆಯಲ್ಲಿ ಕೊಡಲಿ, ಶಾಲೆಯವರು ನಮ್ಮ ಮಾತನ್ನೂ ಕೇಳಲಿ. ಫೋನ್ ಕರೆಯೊಂದಕ್ಕೆ ನಾಟಕ ನಿಲ್ಲಬಾರದು. ಖಾಕಿ ಹಾಕಿಕೊಂಡು ಶಾಲೆಯೊಳಗೆ ಬಂದು ಮಕ್ಕಳನ್ನು ಪ್ರಶ್ನಿಸಕೂಡದು.

5. 'ಒಂಬತ್ತು', 'ಚಕ್ಕ', 'ಶಿಖಂಡಿ' ಎಂದು ಕರೆಯುವುದನ್ನು ಶಾಲೆ, ಕಾಲೇಜುಗಳು ತಮಾಷೆ ಎಂದು ಬಿಡಬಾರದು. ಲಿಂಗತ್ವ ಅಥವಾ ಲೈಂಗಿಕ ಒಲವಿನ ಕಾರಣಕ್ಕೆ ಹೀಗಳೆಯುವುದೂ ರ‍್ಯಾಗಿಂಗೇ ಎಂದು ಯುಜಿಸಿ 2016ರಲ್ಲೇ ನಿಯಮಕ್ಕೆ ಸೇರಿಸಿದೆ. ಆ ನಿಯಮವನ್ನು ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹಾಕಿ. ಮೇಷ್ಟ್ರುಗಳೇ ಹಾಗೆ ಕರೆದರೆ ಏನು ಕ್ರಮ ಎಂಬುದನ್ನೂ ಅದರ ಕೆಳಗೇ ಬರೆಯಿರಿ.

6. ಹುಡುಗಿಯರಿಗೆ ಬಣ್ಣ ಹಚ್ಚಿಕೊಳ್ಳಲು ಬಾಗಿಲಿರುವ ಕೋಣೆ, ಪಕ್ಕದಲ್ಲಿ ನೀರಿರುವ ಶೌಚಾಲಯ ಬೇಕು.

ಪೌರಾಣಿಕ ನಾಟಕಕ್ಕೆ ದ್ರೌಪದಿ, ಕುಂತಿಯನ್ನು ಬೇರೆ ಊರುಗಳಿಂದ ದುಡ್ಡು ಕೊಟ್ಟು ಕರೆಸುತ್ತೀರಿ. ಅವರು ಟಾರ್ಪಾಲಿನ ಮರೆಯಲ್ಲಿ ಸೀರೆ ಬದಲಾಯಿಸುತ್ತಾರೆ, ಸುತ್ತ ಮೊಬೈಲುಗಳು. ಊರಿನ ಹುಡುಗಿ ಯಾಕೆ ನಾಟಕಕ್ಕೆ ಬರುವುದಿಲ್ಲ ಎಂದು ಕೇಳುವವರು ಆ ಟಾರ್ಪಾಲನ್ನು ನೋಡಬೇಕು.

7. ಇದು ನಮ್ಮದೇ ರಂಗಭೂಮಿಯ ಹಿರಿಯರಿಗೆ. ನಮ್ಮನ್ನು 'ವಿಷಯ' ಮಾಡಿಕೊಳ್ಳಬೇಡಿ, ಪಾತ್ರ ಕೊಡಿ.

ಹೊರಗಿನವರ ಪೂರ್ವಗ್ರಹವನ್ನು ಬೈಯುವುದು ಸುಲಭ. ನಮ್ಮ ಶಿಬಿರಗಳಲ್ಲೂ ನಗು ಬೇಕಾದಾಗ ಒಬ್ಬ ಗಂಡಸಿಗೆ ನೈಟಿ ತೊಡಿಸಿ ಸೊಂಟ ತಿರುಗಿಸುವ ಚಾಳಿ ಹೋಗಿಲ್ಲ. ಗಂಭೀರ ನಾಟಕ ಬೇಕಾದಾಗ ಅದೇ ಜನ ಅಳುವ, ಸಾಯುವ ಪಾತ್ರಗಳಾಗುತ್ತಾರೆ. ಟ್ರಾನ್ಸ್ ಮಹಿಳೆ ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿ ಕನ್ನಡಕ್ಕೆ ತಂದು, ಹೆಗ್ಗೋಡಿನ ಜನಮನದಾಟ 'ಬದುಕು ಬಯಲು' ಎಂದು ರಂಗಕ್ಕೇರಿಸಿತು. 'ತಲ್ಕಿ' ನಾಟಕದಲ್ಲಿ ವಯಸ್ಸಾದ ಟ್ರಾನ್ಸ್ ಮಹಿಳೆಯರು ತಮ್ಮ ಕಥೆಯನ್ನು ತಾವೇ ಆಡಿದರು. ಇದು ಬೆಳೆಯಬೇಕು. ಟ್ರಾನ್ಸ್ ಹುಡುಗಿಗೆ ಶಕುಂತಲೆಯ ಪಾತ್ರವೂ ಸಿಗಬೇಕು, ಬ್ಯಾಂಕ್ ಮ್ಯಾನೇಜರ್ ಪಾತ್ರವೂ ಸಿಗಬೇಕು, ಸಂಭಾವನೆ ಎಲ್ಲರಷ್ಟೇ ಇರಬೇಕು.

ಹಾಗೆಯೇ, ಅಭ್ಯಾಸಕ್ಕೆ ಬಂದವರನ್ನು ಕೇಳದೆ ಮೆರವಣಿಗೆಗೆ ಎಣಿಸಿಕೊಳ್ಳುವುದನ್ನು ನಿಲ್ಲಿಸಿ. ಹಣೆಗೆ ವಿಭೂತಿ ಇಟ್ಟುಕೊಂಡು ಬಂದ ಹುಡುಗನನ್ನು ನೋಡಿ ನೀವು ನಗುವುದನ್ನು ನಾವು ಕಂಡಿದ್ದೇವೆ. ಅವನು ಚೆನ್ನಾಗಿ ಹಾಡುತ್ತಿದ್ದ. ಈಗ ಬರುತ್ತಿಲ್ಲ.

8. ಮನೆಯವರಲ್ಲಿ ವಿನಂತಿ. ಮದುವೆ ಮಾಡಿದರೆ ಸರಿಹೋಗುತ್ತಾನೆ, ತಾಯತ ಕಟ್ಟಿಸಿದರೆ ಸರಿಹೋಗುತ್ತಾಳೆ ಎನ್ನಬೇಡಿ.

ಸಲಿಂಗ ಪ್ರೇಮ ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಹೇಳಿದೆ. ಅದನ್ನು 'ಬದಲಾಯಿಸುತ್ತೇವೆ' ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಒಪ್ಪದ ಮದುವೆಯಿಂದ ಇನ್ನೊಂದು ಮನೆಯ ಹೆಣ್ಣುಮಗಳ ಬದುಕೂ ಹೋಗುತ್ತದೆ, ಅವಳ ಬಗ್ಗೆಯೂ ಯೋಚಿಸಿ. ಮಾತಾಡಲು ಯಾರೂ ಇಲ್ಲ ಅನ್ನಿಸಿದವರಿಗೆ, ಹೆತ್ತವರಿಗೂ ಸೇರಿ, 14416 ಟೆಲಿ ಮನಸ್ ಸಹಾಯವಾಣಿ ಇದೆ, ದುಡ್ಡು ಬೀಳುವುದಿಲ್ಲ. ಮಕ್ಕಳಿಗೆ 1098.

9. ಅಭ್ಯಾಸಕ್ಕೆ ಜಾಗ ಬೇಕು.

ಕೋಲಾರದವರು ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಕಟ್ಟಿಕೊಂಡು ಹುಣ್ಣಿಮೆ ರಾತ್ರಿ ನಾಟಕ ಆಡುತ್ತಾರೆ. ನಾವು ಬೆಟ್ಟ ಕೇಳುತ್ತಿಲ್ಲ. ಸಮುದಾಯ ಭವನ ಮದುವೆ, ಆರತಕ್ಷತೆ ಇಲ್ಲದ ದಿನ ಖಾಲಿ ಬಿದ್ದಿರುತ್ತದೆ. ವಾರಕ್ಕೆ ಮೂರು ಸಂಜೆ, ಆರರಿಂದ ಎಂಟೂವರೆ, ಬಾಡಿಗೆಯಿಲ್ಲದೆ ಕೊಡಿ. ಗುಡಿಸುವ ಕೆಲಸ ನಮ್ಮದು, ಕರೆಂಟ್ ಬಿಲ್ಲಿನಲ್ಲಿ ಪಾಲು ಕೊಡುತ್ತೇವೆ. ಹೋಬಳಿಯ ಪ್ರೌಢಶಾಲೆಗಳ ಪೈಕಿ ಒಂದಕ್ಕಾದರೂ ರಂಗಶಿಕ್ಷಕರನ್ನು ಹಾಕಿಸಿ. ಈಗ ಪ್ರತಿಭಾ ಕಾರಂಜಿ ಬಂದಾಗ ಛದ್ಮವೇಷಕ್ಕೆ ಹುಡುಗನಿಗೆ ಒನಕೆ ಓಬವ್ವನ ಸೀರೆ ಉಡಿಸಿ ಬಹುಮಾನ ಕೊಡುವ ಶಾಲೆಗಳೇ ಮರುದಿನ ನಾಟಕ ಎಂದರೆ ಮುಖ ತಿರುಗಿಸುತ್ತವೆ.

ಅಭ್ಯಾಸ ನೋಡಲು ಯಾರು ಬೇಕಾದರೂ ಬರಬಹುದು. ನಮ್ಮ ಬಗ್ಗೆ ಅನುಮಾನ ಇರುವವರು ಮೊದಲು ಬನ್ನಿ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಈ ಪತ್ರವನ್ನು ಸೇರಿಸಿ, ಒಂಬತ್ತಕ್ಕೂ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರವಣಿಗೆಯಲ್ಲಿ ಉತ್ತರ ಕೊಡಬೇಕೆಂದು ಕೋರುತ್ತೇವೆ. ಕೆಳಗೆ ಸಹಿ ಹಾಕಲು ಮನೆಯವರ ಭಯವಿದ್ದವರು ಹೆಬ್ಬೆಟ್ಟು ಒತ್ತಿದ್ದಾರೆ. ಅವನ್ನೂ ಸಹಿಯೆಂದೇ ಎಣಿಸಬೇಕು.